ಕಂಪ್ಯೂಟರ್ ಪರಿಭಾಷೆ ಮತ್ತು ಹೆಸರಿಡುವ ರೂಢಿಗಳು: ಹೊಸಬರು ಓದಿಕೊಳ್ಳುವ, ಕೇಳಿ ತಿಳಿಯುವ ಕ್ರಮ

ಕಂಪ್ಯೂಟರ್ ಕೆಲಸಕ್ಕೆ ಹೊಸದಾಗಿ ಬಂದವರು ಎಡವುವುದು ಎಂದೂ ಕೇಳಿರದ ಪದಗಳಿಗಿಂತ ಹೆಚ್ಚಾಗಿ, ತಮಗೆ ಗೊತ್ತಿದೆ ಎಂದುಕೊಂಡ ಪದಗಳಲ್ಲಿ. ‘ಐಡೆಂಪೊಟೆಂಟ್’ ಎಂಬ ಪದ ಎದುರಾದರೆ ಯಾರಾದರೂ ಓದುವುದನ್ನು ನಿಲ್ಲಿಸಿ ಅರ್ಥ ಹುಡುಕುತ್ತಾರೆ. ‘ಪೋರ್ಟ್’ ಎಂಬ ಪದಕ್ಕೆ ಯಾರೂ ಹಾಗೆ ನಿಲ್ಲುವುದಿಲ್ಲ. ಆದರೆ ಪೋರ್ಟ್ ಎಂದರೆ ಯಂತ್ರದ ಬದಿಯಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿಯೂ ಹೌದು, ನೆಟ್‌ವರ್ಕ್ ವ್ಯವಹಾರದಲ್ಲಿ ಬಳಸುವ, 0 ಮತ್ತು 65535ರ ನಡುವಿನ ಒಂದು ಸಂಖ್ಯೆಯೂ ಹೌದು, ಒಂದು ವ್ಯವಸ್ಥೆಗೆ ಬರೆದ ಪ್ರೋಗ್ರಾಮನ್ನು ಇನ್ನೊಂದಕ್ಕೆ ಹೊಂದಿಸಿದ ಆವೃತ್ತಿಯೂ ಹೌದು. ಶೆಲ್, ಸ್ಟ್ರಿಂಗ್, ಆರ್ಗ್ಯುಮೆಂಟ್, ಸರ್ವರ್ ಇವೆಲ್ಲವೂ ಇದೇ ಗುಂಪಿಗೆ ಸೇರಿದವು. ಇಂತಹ ಪದಗಳನ್ನೂ ಅವುಗಳೊಂದಿಗೇ ಬರುವ ಹೆಸರಿಡುವ ರೂಢಿಗಳನ್ನೂ ಓದಿಕೊಳ್ಳುವುದು ಹೇಗೆ, ತಿಳಿಯದಿದ್ದಾಗ ಬಲ್ಲವರನ್ನು ಕೇಳುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲ ಹಂತ: ಪದವನ್ನು ವಾಕ್ಯದ ಸಮೇತ ಬರೆದಿಟ್ಟುಕೊಳ್ಳಿ

ತಿಳಿಯದ ಪದ ಕಂಡಾಗ ಅದೊಂದನ್ನೇ ಕಿತ್ತುಕೊಂಡು ಹುಡುಕಲು ಹೊರಡಬೇಡಿ. ಅದು ಇದ್ದ ಇಡೀ ವಾಕ್ಯವನ್ನು, ಆ ವಾಕ್ಯ ಯಾವ ತಂತ್ರಾಂಶದ ಯಾವ ಆವೃತ್ತಿಯ ಕೈಪಿಡಿಯಲ್ಲಿ ಅಥವಾ ಯಾವ ಎರರ್ ಸಂದೇಶದಲ್ಲಿ ಇತ್ತು ಎಂಬ ವಿವರದೊಂದಿಗೆ, ಇದ್ದದ್ದು ಇದ್ದಂತೆಯೇ ನಕಲು ಮಾಡಿಟ್ಟುಕೊಳ್ಳಿ. ‘ಕಮಿಟ್’ ಎಂಬುದು, ಫೈಲ್‌ಗಳ ಬದಲಾವಣೆಗಳ ಲೆಕ್ಕವಿಡುವ ಉಪಕರಣವಾದ ಗಿಟ್‌ನಲ್ಲಿ, ಫೈಲ್‌ಗಳ ಒಂದು ಸ್ಥಿತಿಯನ್ನು ಇತಿಹಾಸದಲ್ಲಿ ದಾಖಲಿಸುವ ಕ್ರಿಯೆ. ಡೇಟಾಬೇಸ್‌ನಲ್ಲಿ ಅದೇ ಪದ, ನಡೆಯುತ್ತಿರುವ ಬದಲಾವಣೆಗಳ ಸರಣಿಯನ್ನು ಕಾಯಂಗೊಳಿಸುವುದನ್ನು ಸೂಚಿಸುತ್ತದೆ. ವಾಕ್ಯವಿಲ್ಲದೆ ಪದವನ್ನಷ್ಟೇ ಹುಡುಕಿದವರಿಗೆ ಎರಡರಲ್ಲಿ ಯಾವುದು ಸಿಗುತ್ತದೆಂಬುದು ಅದೃಷ್ಟಕ್ಕೆ ಬಿಟ್ಟ ವಿಷಯ.

ನಕಲಿನಲ್ಲಿ ಅಕ್ಷರಗಳನ್ನು ಮೊಟಕು ಮಾಡುವುದೂ ತರವಲ್ಲ. ಜಾವಾ ಮತ್ತು ಜಾವಾಸ್ಕ್ರಿಪ್ಟ್ ಎರಡೂ 1995ರಲ್ಲಿ ಹೊರಬಂದ, ಹೆಸರಿನಲ್ಲಿ ಮಾತ್ರ ನಂಟಿರುವ ಬೇರೆ ಬೇರೆ ಭಾಷೆಗಳು. ಎರಡನೆಯದಕ್ಕೆ ಮೊದಲು ಮೋಕಾ ಎಂದೂ ಆಮೇಲೆ ಲೈವ್‌ಸ್ಕ್ರಿಪ್ಟ್ ಎಂದೂ ಹೆಸರಿತ್ತು. ಉದ್ದದ ಹೆಸರನ್ನು ಚಿಕ್ಕದು ಮಾಡಿ ‘ಜಾವಾ’ ಎಂದು ಬರೆದ ಪ್ರಶ್ನೆಗೆ ಬರುವ ಉತ್ತರ ಬೇರೆಯದೇ ಭಾಷೆಗೆ ಸಂಬಂಧಿಸಿರುತ್ತದೆ.

ಎರಡನೆಯ ಹಂತ: ಪದ ಯಾರದ್ದು ಎಂದು ಗುರುತಿಸಿ

ಪದದ ಅರ್ಥವನ್ನು ನಿರ್ಧರಿಸುವವರು ಯಾರು ಎಂದು ಗೊತ್ತಾದರೆ ಅದನ್ನು ಎಲ್ಲಿ ಹುಡುಕಬೇಕೆಂಬುದೂ ಗೊತ್ತಾಗುತ್ತದೆ. ಕೆಲವು ಪದಗಳ ಅರ್ಥವನ್ನು ಲಿಖಿತ ಮಾನಕವೊಂದು ನಿಗದಿಪಡಿಸಿರುತ್ತದೆ. ಇಂಟರ್ನೆಟ್‌ನ ತಾಂತ್ರಿಕ ದಾಖಲೆಗಳಾದ ಆರ್‌ಎಫ್‌ಸಿಗಳಲ್ಲಿ ‘ಮಸ್ಟ್’, ‘ಶುಡ್’, ‘ಮೇ’ ಎಂಬ ತೀರ ಸಾಮಾನ್ಯ ಇಂಗ್ಲಿಷ್ ಪದಗಳು ಪೂರ್ತಿ ದೊಡ್ಡಕ್ಷರಗಳಲ್ಲಿ, ಅಂದರೆ ಕ್ಯಾಪಿಟಲ್ ಅಕ್ಷರಗಳಲ್ಲಿ, ಬರುವುದನ್ನು ಕಾಣಬಹುದು. ಅದು ಒತ್ತಿ ಹೇಳುವುದಕ್ಕಾಗಿ ಹಾಗೆ ಬರೆದದ್ದಲ್ಲ. 1997ರ ಆರ್‌ಎಫ್‌ಸಿ 2119ರ ಪ್ರಕಾರ ‘ಮಸ್ಟ್’ ಎಂದರೆ ವಿನಾಯಿತಿಯಿಲ್ಲದ ಕಡ್ಡಾಯ. ‘ಶುಡ್’ ಎಂದರೆ ತಕ್ಕ ಕಾರಣವಿದ್ದು, ಪರಿಣಾಮವನ್ನು ಅರಿತಿದ್ದರೆ ಮಾತ್ರ ಬಿಡಬಹುದಾದದ್ದು. ‘ಮೇ’ ಎಂದರೆ ಐಚ್ಛಿಕ. ದೊಡ್ಡಕ್ಷರಗಳಲ್ಲಿದ್ದಾಗ ಮಾತ್ರ ಈ ವಿಶೇಷ ಅರ್ಥ ಅನ್ವಯಿಸುತ್ತದೆ ಎಂದು 2017ರ ಆರ್‌ಎಫ್‌ಸಿ 8174 ಸ್ಪಷ್ಟಪಡಿಸಿತು.

ಇನ್ನು ಕೆಲವು ಪದಗಳು ಒಂದು ಉಪಕರಣದ ಸ್ವಂತದವು. ಅವುಗಳಿಗೆ ಆ ಉಪಕರಣದ ಕೈಪಿಡಿಯೇ ಪ್ರಮಾಣ. ಗಿಟ್‌ನೊಂದಿಗೆ ಅದರದ್ದೇ ಪದಕೋಶವೊಂದು ಬರುತ್ತದೆ, ಮತ್ತು ಹೊರಗಿನ ಯಾವ ವಿವರಣೆಗಿಂತಲೂ ಮೊದಲು ಅದನ್ನು ನೋಡುವುದು ಒಳ್ಳೆಯದು. ಮೂರನೆಯವು ಕೆಲಸಗಾರರ ಆಡುನುಡಿ. ಎಲ್ಲರಿಗೂ ಅರ್ಥವಾಗುವ ಕ್ಷುಲ್ಲಕ ವಿಷಯದ ಮೇಲೆ ಉದ್ದಕ್ಕೂ ವಾದಿಸುವುದನ್ನು ‘ಬೈಕ್‌ಶೆಡಿಂಗ್’ ಎನ್ನುತ್ತಾರೆ. ಒಂದು ಕೆಲಸಕ್ಕಾಗಿ ಇನ್ನೊಂದು, ಅದಕ್ಕಾಗಿ ಮತ್ತೊಂದು ಎಂದು ಮೂಲ ಉದ್ದೇಶದಿಂದ ದೂರ ಸರಿಯುವುದು ‘ಯಾಕ್ ಶೇವಿಂಗ್’. ಇಂತಹ ಆಡುನುಡಿಯನ್ನು ಕಲೆಹಾಕುವ ಕೆಲಸ 1975ರಷ್ಟು ಹಿಂದೆಯೇ ಸ್ಟ್ಯಾನ್‌ಫರ್ಡ್‌ನಲ್ಲಿ ಜಾರ್ಗನ್ ಫೈಲ್ ಎಂಬ ಹೆಸರಿನಲ್ಲಿ ಶುರುವಾಗಿತ್ತು. ನನ್ನ ದೃಷ್ಟಿಯಲ್ಲಿ ಹೊಸಬರು ಈ ಮೂರನೆಯ ಬಗೆಯ ಪದಗಳನ್ನು ಗುರುತು ಹಿಡಿದರೆ ಸಾಕು, ಬಳಸಲು ಅವಸರಪಡಬೇಕಾಗಿಲ್ಲ.

ಮೂರನೆಯ ಹಂತ: ನಿಜವಾದ ಹೆಸರು ಯಾವುದು, ಖಾಲಿ ಜಾಗ ತುಂಬುವ ಹೆಸರು ಯಾವುದು ಎಂದು ಬೇರ್ಪಡಿಸಿ

ಹೊಸಬರನ್ನು ಅತಿ ಹೆಚ್ಚು ಕಂಗೆಡಿಸುವುದು ಇದೇ. ಆದ್ದರಿಂದ ಇದಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿ. ಉದಾಹರಣೆಗಳಲ್ಲಿ ಬರುವ ‘ಫೂ’, ‘ಬಾರ್’, ‘ಬಾಜ್’ ಎಂಬ ಹೆಸರುಗಳಿಗೆ ಯಾವ ಅರ್ಥವೂ ಇಲ್ಲ. ‘ಇಲ್ಲಿ ನಿಮ್ಮ ಹೆಸರೊಂದನ್ನು ಹಾಕಿಕೊಳ್ಳಿ’ ಎನ್ನುವುದಕ್ಕೆ ಬದಲಾಗಿ ಅವು ಬರುತ್ತವೆ. ‘ಫೂ’ ಎಂಬುದರ ಮೂಲವನ್ನು ಕುರಿತೇ 2001ರ ಏಪ್ರಿಲ್ 1ರಂದು ಆರ್‌ಎಫ್‌ಸಿ 3092 ಎಂಬ ದಾಖಲೆ ಹೊರಬಂತು ಎಂಬುದನ್ನು ಗಮನಿಸಿದರೆ, ಅದರ ಅರ್ಥ ಹುಡುಕಿ ದಣಿದವರು ಎಷ್ಟು ಮಂದಿಯಿದ್ದರು ಎಂದು ಊಹಿಸಬಹುದು. ಪೈಥಾನ್‌ನ ದಾಖಲೆಗಳಲ್ಲಿ ಇದೇ ಕೆಲಸಕ್ಕೆ ‘ಸ್ಪ್ಯಾಮ್’, ‘ಎಗ್ಸ್’ ಎಂಬ ಹೆಸರುಗಳು ಬರುತ್ತವೆ. ಅಲ್ಲಿ ಸ್ಪ್ಯಾಮ್ ಎಂದರೆ ಬೇಡದ ಇಮೇಲ್ ಎಂದು ತಿಳಿದು ಓದಿದರೆ ದಾರಿ ತಪ್ಪುವುದು ಖಂಡಿತ. ಗೂಢಲಿಪಿಯ ಬರಹಗಳಲ್ಲಿ ಸಂದೇಶ ಕಳುಹಿಸುವ ಆಲಿಸ್ ಮತ್ತು ಪಡೆಯುವ ಬಾಬ್ ಇದ್ದೇ ಇರುತ್ತಾರೆ. ಆರ್‌ಎಸ್‌ಎ ವಿಧಾನವನ್ನು ವಿವರಿಸಿದ 1978ರ ಪ್ರಬಂಧದಿಂದ ಈ ಜೋಡಿ ಪ್ರಚಾರಕ್ಕೆ ಬಂತು; ಕದ್ದು ಕೇಳುವವಳಿಗೆ ಈವ್ ಎಂದೂ, ಸಂದೇಶವನ್ನು ತಿದ್ದಿ ಕೆಡಿಸುವ ವ್ಯಕ್ತಿಗೆ ಮ್ಯಾಲೊರಿ ಎಂದೂ ಹೆಸರು.

ವಿಳಾಸಗಳಲ್ಲಿಯೂ ಇಂತಹ ಮೀಸಲು ಹೆಸರುಗಳಿವೆ. ‘ಎಕ್ಸಾಂಪಲ್ ಡಾಟ್ ಕಾಮ್’ ಎಂಬ ಡೊಮೇನನ್ನು 1999ರ ಆರ್‌ಎಫ್‌ಸಿ 2606 ಉದಾಹರಣೆಗಳಿಗಾಗಿಯೇ ಕಾಯ್ದಿರಿಸಿದೆ. 192.0.2 ಎಂದು ಆರಂಭವಾಗುವ ಐಪಿ ವಿಳಾಸಗಳೂ ದಾಖಲೆಗಳಿಗಾಗಿ ಮೀಸಲು. ಕೈಪಿಡಿಯಲ್ಲಿ ಇವು ಕಂಡರೆ ಅಲ್ಲಿ ನಿಮ್ಮ ಸ್ವಂತ ವಿಳಾಸವನ್ನು ಹಾಕಬೇಕು ಎಂದೇ ತಿಳಿಯಿರಿ. ನೀವೇ ಪ್ರಶ್ನೆ ಬರೆಯುವಾಗಲೂ ನಿಮ್ಮ ನಿಜವಾದ ಸರ್ವರ್‌ನ ವಿಳಾಸವನ್ನು ಮರೆಮಾಡಲು ಇವನ್ನೇ ಬಳಸಬಹುದು.

ಕಮಾಂಡ್‌ಗಳ ವಿವರಣೆಯಲ್ಲಿ ಬರುವ ಚಿಹ್ನೆಗಳದ್ದು ಇನ್ನೊಂದು ಕಥೆ. [ ] ಎಂಬ ಚೌಕ ಕಂಸದೊಳಗೆ ಇರುವುದು ಬಿಟ್ಟರೂ ನಡೆಯುವ ಭಾಗ. < > ಎಂಬ ಕೋನ ಕಂಸದೊಳಗೆ ಇರುವುದು ನೀವು ಬದಲಾಯಿಸಿ ಬರೆಯಬೇಕಾದ ಭಾಗ. ನಡುವೆ | ಎಂಬ ಲಂಬಗೆರೆ ಬಂದರೆ ಆಚೀಚೆ ಇರುವುದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕೊನೆಗೆ ಮೂರು ಚುಕ್ಕಿ ಬಂದರೆ ಹಿಂದಿನದನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು. ಕಂಸಗಳನ್ನು ಟೈಪ್ ಮಾಡಬಾರದು. ಕೋನ ಕಂಸವನ್ನು ಹಾಗೆಯೇ ಟೈಪ್ ಮಾಡಿದರೆ ಶೆಲ್, ಅಂದರೆ ನಿಮ್ಮ ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಮ್, ಅದನ್ನು ಫೈಲ್‌ನಿಂದ ಓದುವ ಅಥವಾ ಫೈಲ್‌ಗೆ ಬರೆಯುವ ಆದೇಶವೆಂದು ತಿಳಿಯುತ್ತದೆ, ಮತ್ತು ಆಗ ಬರುವ ಎರರ್ ಸಂದೇಶಕ್ಕೂ ಮೂಲ ತಪ್ಪಿಗೂ ಸಂಬಂಧವೇ ಕಾಣುವುದಿಲ್ಲ. ಸಾಲಿನ ಆರಂಭದಲ್ಲಿ ಮುದ್ರಿತವಾಗಿರುವ $ ಅಥವಾ # ಕೂಡ ಟೈಪ್ ಮಾಡಬೇಕಾದದ್ದಲ್ಲ: ರೂಢಿಯಂತೆ $ ಎಂದರೆ ಸಾಮಾನ್ಯ ಬಳಕೆದಾರರಾಗಿ, # ಎಂದರೆ ರೂಟ್ ಅಧಿಕಾರದಿಂದ, ಅಂದರೆ ವ್ಯವಸ್ಥೆಯ ಪೂರ್ಣ ಅಧಿಕಾರದಿಂದ, ನಡೆಸಬೇಕಾದ ಕಮಾಂಡ್ ಎಂದರ್ಥ. ಈ ಒಂದು ಪ್ಯಾರಾದಲ್ಲಿರುವುದು ಬಹಳಷ್ಟು ಕೈಪಿಡಿಗಳಲ್ಲಿ ಎಲ್ಲಿಯೂ ಬರೆದಿರುವುದಿಲ್ಲ, ಓದುಗರಿಗೆ ಹುಟ್ಟುತ್ತಲೇ ಗೊತ್ತಿರುತ್ತದೆ ಎಂಬಂತೆ ಬಿಟ್ಟಿರುತ್ತಾರೆ.

ನಾಲ್ಕನೆಯ ಹಂತ: ಸಂಕ್ಷಿಪ್ತ ರೂಪಗಳನ್ನು ಬಿಡಿಸಿ, ಆದರೆ ಅದರಿಂದ ಹೆಚ್ಚು ನಿರೀಕ್ಷಿಸಬೇಡಿ

ವಿಸ್ತರಿಸಿದ ಮಾತ್ರಕ್ಕೆ ಅರ್ಥ ತಿಳಿಯುವ ಸಂಕ್ಷೇಪಗಳು ಕೆಲವೇ. 1983ರಲ್ಲಿ ಘೋಷಣೆಯಾದ ಗ್ನೂ ಯೋಜನೆಯ ಹೆಸರನ್ನು ಬಿಡಿಸಿದರೆ ‘ಗ್ನೂ ಎಂಬುದು ಯುನಿಕ್ಸ್ ಅಲ್ಲ’ ಎಂದಾಗುತ್ತದೆ, ಮತ್ತು ಬಿಡಿಸಿದ ವಾಕ್ಯದೊಳಗೆ ಗ್ನೂ ಮತ್ತೆ ಬಂದು ಕುಳಿತಿರುತ್ತದೆ. ‘ಎಡಬ್ಲ್ಯುಕೆ’ ಎಂದು ಬರೆದು ‘ಆಕ್’ ಎಂದು ಉಚ್ಚರಿಸುವ ಉಪಕರಣದ ಹೆಸರು ಅದನ್ನು ರಚಿಸಿದ ಆಹೊ, ವೈನ್‌ಬರ್ಗರ್, ಕರ್ನಿಘನ್ ಎಂಬ ಮೂವರ ಹೆಸರಿನ ಮೊದಲಕ್ಷರಗಳು. ಅದನ್ನು ತಿಳಿದವರಿಗೂ ಉಪಕರಣದ ಕೆಲಸವೇನೆಂಬುದು ತಿಳಿಯುವುದಿಲ್ಲ. ನೆನಪಿಡಬೇಕಾದ ಒಂದು ಸೂತ್ರ ಮಾತ್ರ ಇದೆ: ಎರಡು ಅಕ್ಷರಗಳ ನಡುವೆ ಸಂಖ್ಯೆಯಿದ್ದರೆ ಅದು ಬಹಳ ಸಲ ಬಿಟ್ಟುಹೋದ ಅಕ್ಷರಗಳ ಎಣಿಕೆ. ‘ಐ18ಎನ್’ ಎಂದರೆ ಇಂಟರ್‌ನ್ಯಾಷನಲೈಸೇಷನ್, ‘ಎಲ್10ಎನ್’ ಎಂದರೆ ಲೋಕಲೈಸೇಷನ್, ‘ಕೆ8ಎಸ್’ ಎಂದರೆ ಕುಬರ್ನೆಟಿಸ್. ಹೆಸರಿನ ಕೊನೆಯಲ್ಲಿ ‘ಡಿ’ ಅಕ್ಷರವಿರುವ ಯುನಿಕ್ಸ್ ಪ್ರೋಗ್ರಾಮ್‌ಗಳು, ಉದಾಹರಣೆಗೆ ಎಸ್‌ಎಸ್‌ಎಚ್‌ಡಿ, ಬಹುಮಟ್ಟಿಗೆ ಡೀಮನ್‌ಗಳು, ಅಂದರೆ ತೆರೆಮರೆಯಲ್ಲಿ ಸದಾ ನಡೆಯುತ್ತಿರುವ ಸೇವೆಗಳು.

ಐದನೆಯ ಹಂತ: ಹೆಸರಿನ ಆಕಾರವನ್ನು ಓದಿ

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಹಾಗಾಗಿ ಕನ್ನಡದಲ್ಲೇ ಓದಿ ಬೆಳೆದವರ ಕಣ್ಣು ರೋಮನ್ ಲಿಪಿಯ ಆ ಭೇದವನ್ನು ಅಲಂಕಾರವೆಂದು ಪರಿಗಣಿಸಿ ಮುಂದೆ ಹೋಗುವುದುಂಟು. ಪ್ರೋಗ್ರಾಮಿನಲ್ಲಿ ಅದು ಅಲಂಕಾರವಲ್ಲ. ಬಹುತೇಕ ಭಾಷೆಗಳಿಗೆ ದೊಡ್ಡಕ್ಷರದ ಹೆಸರೂ ಸಣ್ಣಕ್ಷರದ ಹೆಸರೂ ಎರಡು ಬೇರೆ ಹೆಸರುಗಳು.

ಹೆಸರಿನೊಳಗೆ ಖಾಲಿ ಜಾಗ ಬಿಡುವಂತಿಲ್ಲದ ಕಾರಣ, ಎರಡು ಮೂರು ಪದಗಳ ಹೆಸರನ್ನು ಜೋಡಿಸಲು ನಾಲ್ಕು ರೀತಿಗಳು ರೂಢಿಗೆ ಬಂದಿವೆ. ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿದರೆ ಸ್ನೇಕ್ ಕೇಸ್. ಅಂಟಿಸಿ ಬರೆದು, ಎರಡನೆಯ ಪದದಿಂದ ಮುಂದೆ ಪ್ರತಿ ಪದದ ಮೊದಲಕ್ಷರವನ್ನು ದೊಡ್ಡದು ಮಾಡಿದರೆ ಕ್ಯಾಮಲ್ ಕೇಸ್. ಮೊದಲ ಪದಕ್ಕೂ ದೊಡ್ಡಕ್ಷರ ಬಂದರೆ ಪ್ಯಾಸ್ಕಲ್ ಕೇಸ್. ನಡುವೆ ಹೈಫನ್ ಹಾಕಿದರೆ ಕಬಾಬ್ ಕೇಸ್. ಕೊನೆಯದು ವೆಬ್ ಪುಟಗಳ ರೂಪವನ್ನು ವಿವರಿಸುವ ಸಿಎಸ್‌ಎಸ್‌ನಲ್ಲಿಯೂ ವೆಬ್ ವಿಳಾಸಗಳಲ್ಲಿಯೂ ಧಾರಾಳವಾಗಿ ಕಾಣುತ್ತದೆ, ಆದರೆ ಪೈಥಾನ್, ಜಾವಾ, ಸಿ ಮುಂತಾದ ಭಾಷೆಗಳ ವೇರಿಯಬಲ್‌ಗಳಲ್ಲಿ ಬರುವುದಿಲ್ಲ. ಅಲ್ಲಿ ಹೈಫನ್ ಎಂದರೆ ಕಳೆಯುವ ಚಿಹ್ನೆ.

ಯಾವ ಆಕಾರಕ್ಕೆ ಯಾವ ಅರ್ಥ ಎಂಬುದು ಭಾಷೆಯಿಂದ ಭಾಷೆಗೆ ಬದಲಾಗುತ್ತದೆ. ಪೈಥಾನ್‌ನಲ್ಲಿ 2001ರಿಂದ ಇರುವ ಪೆಪ್ 8 ಎಂಬ ಶೈಲಿ ದಾಖಲೆಯಂತೆ ಫಂಕ್ಷನ್ ಮತ್ತು ವೇರಿಯಬಲ್‌ಗಳಿಗೆ ಸಣ್ಣಕ್ಷರದ ಸ್ನೇಕ್ ಕೇಸ್, ಕ್ಲಾಸ್‌ಗಳಿಗೆ ಪ್ಯಾಸ್ಕಲ್ ಕೇಸ್, ಬದಲಾಗದ ಮೌಲ್ಯಗಳಿಗೆ ಪೂರ್ತಿ ದೊಡ್ಡಕ್ಷರ. ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಇದ್ದರೆ ‘ಇದು ಒಳಬಳಕೆಗೆ, ಹೊರಗಿನವರು ಮುಟ್ಟಬೇಡಿ’ ಎಂಬ ಸೂಚನೆ. ಜಾವಾದಲ್ಲಿ ಕ್ಲಾಸ್‌ಗಳಿಗೆ ಪ್ಯಾಸ್ಕಲ್ ಕೇಸ್, ಮೆಥಡ್‌ಗಳಿಗೆ ಕ್ಯಾಮಲ್ ಕೇಸ್. ಇವೆರಡರಲ್ಲೂ ರೂಢಿ ಮೀರಿದರೆ ಸಹೋದ್ಯೋಗಿಗಳು ಗೊಣಗುತ್ತಾರೆಯೇ ಹೊರತು ಪ್ರೋಗ್ರಾಮ್ ನಿಲ್ಲುವುದಿಲ್ಲ. ಗೋ ಭಾಷೆಯಲ್ಲಿ ಹಾಗಲ್ಲ: ಮೊದಲಕ್ಷರ ದೊಡ್ಡದಾಗಿದ್ದರೆ ಆ ಹೆಸರು ಬೇರೆ ಪ್ಯಾಕೇಜ್‌ಗಳಿಗೂ ಕಾಣುತ್ತದೆ, ಇಲ್ಲದಿದ್ದರೆ ಕಾಣುವುದಿಲ್ಲ. ಅಲ್ಲಿ ಇದು ರೂಢಿಯ ಮಟ್ಟವನ್ನು ದಾಟಿ ಭಾಷೆಯ ನಿಯಮವೇ ಆಗಿದೆ. ಹೊಸ ಭಾಷೆ ಕಲಿಯುವಾಗ ಪ್ರತಿಯೊಂದು ಆಕಾರದ ಬಗ್ಗೆಯೂ ‘ಇದು ರೂಢಿಯೋ ನಿಯಮವೋ’ ಎಂದು ಕೇಳಿಕೊಳ್ಳುವ ಅಭ್ಯಾಸ ಬಹಳ ಉಪಯುಕ್ತ.

ಹೆಸರನ್ನು ಕನ್ನಡದಲ್ಲೇ ಇಡಬಹುದೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಪೈಥಾನ್ 3ರಲ್ಲಿ ‘ಒಟ್ಟು_ಮೊತ್ತ’ ಎಂಬುದು ಸರಿಯಾದ ವೇರಿಯಬಲ್ ಹೆಸರು; ಜಾವಾ ಕೂಡ ಒಪ್ಪುತ್ತದೆ. ಗೋ ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ಹೆಸರಿನೊಳಗೆ ಅಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್‌ಗೆ ಮಾತ್ರ ಅವಕಾಶ, ಮತ್ತು ಯುನಿಕೋಡ್‌ನ ವರ್ಗೀಕರಣದಲ್ಲಿ ಕನ್ನಡದ ಗುಣಿತದ ಚಿಹ್ನೆಗಳೂ ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ ‘ಅಕ್ಷರ’ ಎಂಬ ವರ್ಗಕ್ಕೆ ಸೇರಿಲ್ಲ. ಸ್ವಂತ ಕಲಿಕೆಯ ಪ್ರೋಗ್ರಾಮ್‌ಗಳಲ್ಲಿ ಕನ್ನಡದ ಹೆಸರುಗಳು ಅರ್ಥವನ್ನು ತಿಳಿಯಾಗಿಸುತ್ತವೆ ಎಂದೇ ನನ್ನ ಅಭಿಪ್ರಾಯ. ಹಲವು ಭಾಷಿಕರು ಕೂಡಿ ಮಾಡುವ ಯೋಜನೆಯಲ್ಲಿ ಮಾತ್ರ ಅಲ್ಲಿನ ಒಪ್ಪಂದಕ್ಕೆ ಬದ್ಧರಾಗಿರಬೇಕು.

ಹಳೆಯ ಪ್ರೋಗ್ರಾಮ್‌ಗಳಲ್ಲಿ ಹೆಸರುಗಳು ಅರ್ಧಕ್ಕೆ ಕತ್ತರಿಸಿದಂತೆ ಕಾಣುವುದಕ್ಕೂ ಕಾರಣವಿದೆ. ಸಿ ಭಾಷೆಯ 1989ರ ಮಾನಕವು ಫೈಲ್‌ನಿಂದ ಆಚೆಗೆ ಕಾಣುವ ಹೆಸರುಗಳಲ್ಲಿ ಮೊದಲ ಆರು ಅಕ್ಷರಗಳನ್ನು ಗಮನಿಸಿದರೆ ಸಾಕೆಂದು, ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುವ ಕಂಪೈಲರ್‌ಗಳಿಗೆ ವಿನಾಯಿತಿ ಕೊಟ್ಟಿತ್ತು. ಅಂದಿನ ಲಿಂಕರ್‌ಗಳ, ಅಂದರೆ ಪ್ರೋಗ್ರಾಮಿನ ಬಿಡಿ ಭಾಗಗಳನ್ನು ಜೋಡಿಸುವ ಉಪಕರಣಗಳ, ಶಕ್ತಿ ಅಷ್ಟೇ ಇತ್ತು. ಎಣಿಕೆಗೆ ಐ, ಜೆ, ಕೆ ಎಂಬ ಹೆಸರುಗಳು ಇಂದಿಗೂ ಉಳಿದಿವೆ. ಗಣಿತದ ಈ ಬಳಕೆಯನ್ನು ಫೋರ್‌ಟ್ರಾನ್ ಭಾಷೆ ಗಟ್ಟಿಮಾಡಿತು, ಬೇರೆ ಘೋಷಣೆಯಿಲ್ಲದಿದ್ದರೆ ಐಯಿಂದ ಎನ್‌ವರೆಗಿನ ಅಕ್ಷರಗಳಿಂದ ಆರಂಭವಾಗುವ ಹೆಸರುಗಳನ್ನು ಅದು ಪೂರ್ಣಾಂಕಗಳೆಂದೇ ತಿಳಿಯುತ್ತಿತ್ತು.

ಆರನೆಯ ಹಂತ: ಫೈಲ್‌ಗಳ ಹೆಸರು

ಇಲ್ಲಿ ಹೇಳುವುದು ಕಡಿಮೆ. ಲಿನಕ್ಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳಿಂದ ಫೈಲ್‌ಗಳು ಬೇರೆಯಾಗುತ್ತವೆ. ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಆದ್ದರಿಂದ ಒಂದೆಡೆ ಸರಿಯಾಗಿ ನಡೆದ ಪ್ರೋಗ್ರಾಮ್ ಇನ್ನೊಂದೆಡೆ ‘ಫೈಲ್ ಸಿಗಲಿಲ್ಲ’ ಎಂದರೆ ಮೊದಲು ಇದನ್ನೇ ಶಂಕಿಸಿ. ದಿನಾಂಕವನ್ನು ಐಎಸ್‌ಒ 8601ರ ಕ್ರಮದಲ್ಲಿ 2024-03-05 ಎಂಬಂತೆ ವರ್ಷ, ತಿಂಗಳು, ದಿನ ಎಂದು ಬರೆದರೆ ಹೆಸರಿನ ಕ್ರಮವೇ ಕಾಲದ ಕ್ರಮವೂ ಆಗುತ್ತದೆ. ಕ್ರಮಸಂಖ್ಯೆ ಕೊಡುವುದಾದರೆ 2ರ ಬದಲು 02 ಎಂದು ಬರೆಯಿರಿ, ಏಕೆಂದರೆ ಅಕ್ಷರಕ್ರಮದಲ್ಲಿ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ.

ಏಳನೆಯ ಹಂತ: ಸಂಖ್ಯೆಗಳೊಂದಿಗೆ ಬರುವ ಹೆಸರುಗಳನ್ನು ನಂಬುವ ಮೊದಲು ಲೆಕ್ಕ ಹಾಕಿ

ಸಣ್ಣ ‘ಬಿ’ ಎಂದರೆ ಬಿಟ್, ದೊಡ್ಡ ‘ಬಿ’ ಎಂದರೆ ಬೈಟ್, ಒಂದು ಬೈಟ್‌ಗೆ ಎಂಟು ಬಿಟ್. ಹೀಗಾಗಿ ಸೆಕೆಂಡಿಗೆ 100 ಮೆಗಾಬಿಟ್ ಸಂಪರ್ಕದಲ್ಲಿ ಫೈಲ್ ಇಳಿಯುವ ಗರಿಷ್ಠ ವೇಗ ಸೆಕೆಂಡಿಗೆ 12.5 ಮೆಗಾಬೈಟ್. ಒಂದು ಟೆರಾಬೈಟ್ ಎಂದು ಕೊಂಡ ಡಿಸ್ಕನ್ನು ವಿಂಡೋಸ್ ಸುಮಾರು 931 ಜಿಬಿ ಎಂದು ತೋರಿಸುವುದರಲ್ಲೂ ಮೋಸವಿಲ್ಲ: ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಈ ಎರಡನೆಯ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರುಗಳನ್ನು 1998ರಲ್ಲೇ ಮಾನಕವಾಗಿ ಕೊಡಲಾಗಿದ್ದರೂ ಎಲ್ಲರೂ ಅವನ್ನು ಬಳಸುವುದಿಲ್ಲ.

ಆವೃತ್ತಿ ಸಂಖ್ಯೆಯಲ್ಲಿರುವ ಚುಕ್ಕಿ ದಶಮಾಂಶದ್ದಲ್ಲ, 1.10 ಎಂಬುದು 1.9ರ ನಂತರದ ಆವೃತ್ತಿ. ಸೆಮ್ಯಾಂಟಿಕ್ ವರ್ಷನಿಂಗ್ ಪಾಲಿಸುವ ತಂತ್ರಾಂಶಗಳಲ್ಲಿ ಮೊದಲ ಸಂಖ್ಯೆ ಏರಿದರೆ ಹಳೆಯ ಬಳಕೆ ಮುರಿಯಬಹುದು, ಎರಡನೆಯದು ಏರಿದರೆ ಹೊಸ ಸೌಲಭ್ಯ ಬಂದಿದೆ, ಮೂರನೆಯದು ಏರಿದರೆ ದೋಷ ತಿದ್ದಿದ್ದಾರೆ ಎಂದು ತಿಳಿಯಬಹುದು. ಆದರೆ ಎಲ್ಲರೂ ಅದನ್ನು ಪಾಲಿಸುವುದಿಲ್ಲ: ಉಬುಂಟು 24.04ರಲ್ಲಿ 24 ವರ್ಷವನ್ನೂ 04 ಏಪ್ರಿಲನ್ನೂ ಸೂಚಿಸುತ್ತದೆ. ಉದ್ಯಮವೇ ಹೆಸರುಗಳನ್ನು ಬದಲಾಯಿಸುವುದೂ ಉಂಟು. 802.11ಎಎಕ್ಸ್ ಎಂಬ ಮಾನಕಕ್ಕೆ ವೈ-ಫೈ 6 ಎಂಬ ಹೆಸರು 2018ರಲ್ಲಿ ಬಂದು ಓದುಗರಿಗೆ ಉಪಕಾರವಾಯಿತು, ಯುಎಸ್‌ಬಿ 3.0 ಮಾತ್ರ ಮೊದಲು 3.1 ಜೆನ್ 1 ಆಗಿ, ಬಳಿಕ 3.2 ಜೆನ್ 1 ಆಗಿ, ವೇಗ ಅದೇ 5 ಗಿಗಾಬಿಟ್ ಆಗಿ ಉಳಿಯಿತು. ಗಿಟ್‌ನ ಹಳೆಯ ಬರಹಗಳಲ್ಲಿ ‘ಮಾಸ್ಟರ್’ ಎಂದಿರುವ ಮುಖ್ಯ ಶಾಖೆ, 2020ರ ಬಳಿಕ ಬಹಳಷ್ಟು ಕಡೆ ‘ಮೇನ್’ ಆಗಿದೆ. ಎರಡು ಹೆಸರು ಕಂಡಾಗ ಎರಡು ವಸ್ತುಗಳಿವೆ ಎಂದು ತೀರ್ಮಾನಿಸುವ ಮುನ್ನ ಬರಹದ ವರ್ಷ ನೋಡಿ.

ಎಂಟನೆಯ ಹಂತ: ಕೇಳುವುದು

ಇಷ್ಟಾದರೂ ತಿಳಿಯದಿದ್ದರೆ ಕೇಳಲು ಸಂಕೋಚ ಬೇಡ. ‘ಪೋರ್ಟ್ ಎಂದರೇನು?’ ಎಂಬ ಪ್ರಶ್ನೆಗೆ ಉತ್ತರಿಸುವವರು ಒಂದು ಪಾಠವನ್ನೇ ಬರೆಯಬೇಕಾಗುತ್ತದೆ, ಆದ್ದರಿಂದ ಯಾರೂ ಬರೆಯುವುದಿಲ್ಲ. ಬದಲಿಗೆ ಹೀಗೆ ಕೇಳಬಹುದು: ‘ಪ್ರೋಗ್ರಾಮ್ ಆರಂಭಿಸಿದಾಗ ಪೋರ್ಟ್ 8080 ಈಗಾಗಲೇ ಬಳಕೆಯಲ್ಲಿದೆ ಎಂಬ ಸಂದೇಶ ಬರುತ್ತಿದೆ. ಪೋರ್ಟ್ ಎಂಬುದು ಇಲ್ಲಿ ಒಂದೇ ಯಂತ್ರದ ಬೇರೆ ಬೇರೆ ಸೇವೆಗಳನ್ನು ಗುರುತಿಸುವ ಸಂಖ್ಯೆ ಎಂದು ಅರ್ಥಮಾಡಿಕೊಂಡಿದ್ದೇನೆ. ಹಾಗಿದ್ದರೆ ಇನ್ನೊಂದು ಪ್ರೋಗ್ರಾಮ್ ಅದೇ ಸಂಖ್ಯೆಯನ್ನು ಹಿಡಿದುಕೊಂಡಿದೆ ಎಂದೇ? ಅದು ಯಾವುದೆಂದು ತಿಳಿಯುವುದು ಹೇಗೆ, ದಯವಿಟ್ಟು ತಿಳಿಸಿ.’ ನಿಮ್ಮ ಊಹೆ ತಪ್ಪಾಗಿದ್ದರೂ ನಷ್ಟವಿಲ್ಲ. ಎಲ್ಲಿ ತಪ್ಪಿದೆ ಎಂದು ತೋರಿಸುವುದು ಉತ್ತರಿಸುವವರಿಗೆ ಸುಲಭ. ನಿಮಗೆ ನಿಜವಾಗಿ ಬೇಕಾದ ಕೆಲಸ ಯಾವುದೆಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ, ಏಕೆಂದರೆ ಕೆಲವು ಸಲ ಆ ಕೆಲಸಕ್ಕೆ ನೀವು ಕೇಳುತ್ತಿರುವ ಪದದ ಅಗತ್ಯವೇ ಇರುವುದಿಲ್ಲ.

ಚಿಹ್ನೆಯ ಬಗ್ಗೆ ಕೇಳುವಾಗ ಮೊದಲು ಅದರ ಹೆಸರು ತಿಳಿದುಕೊಳ್ಳಿ. ಹುಡುಕಾಟದ ಯಂತ್ರಗಳು ಚಿಹ್ನೆಗಳನ್ನು ಬಹಳ ಸಲ ಕಡೆಗಣಿಸುತ್ತವೆ, ಹೆಸರುಗಳನ್ನು ಕಡೆಗಣಿಸುವುದಿಲ್ಲ: ~ ಟಿಲ್ಡೆ, ^ ಕ್ಯಾರೆಟ್, | ಪೈಪ್, & ಆಂಪರ್‌ಸ್ಯಾಂಡ್, ` ಬ್ಯಾಕ್‌ಟಿಕ್, ಸ್ಕ್ರಿಪ್ಟ್‌ನ ಮೊದಲ ಸಾಲಿನ #! ಶಿಬ್ಯಾಂಗ್.

ಒಂದು ಯೋಜನೆಗೆ ಹೊಸದಾಗಿ ಸೇರಿ, ಅಲ್ಲಿ ಹೆಸರಿಡುವ ರೀತಿ ಯಾವುದೆಂದು ಕೇಳಬೇಕಾದರೆ, ಕೇಳುವ ಮುನ್ನ ನೀವು ತಿದ್ದಲಿರುವ ಫೈಲ್‌ನಲ್ಲಿ ಈಗಾಗಲೇ ಇರುವ ಹೆಸರುಗಳನ್ನು ನೋಡಿ. ಶೈಲಿಯನ್ನು ತಾನಾಗಿ ಪರಿಶೀಲಿಸುವ ಲಿಂಟರ್‌ನ ಸಂರಚನಾ ಫೈಲ್ ಇದೆಯೇ ಎಂದೂ ಹುಡುಕಿ. ಪೆಪ್ 8 ಕೂಡ ತನ್ನ ನಿಯಮಕ್ಕಿಂತ ಆಯಾ ಯೋಜನೆಯೊಳಗಿನ ಏಕರೂಪತೆಗೆ ಹೆಚ್ಚು ಬೆಲೆ ಕೊಡುತ್ತದೆ. ಹಳೆಯ ಹೆಸರುಗಳು ಕೆಟ್ಟದಾಗಿವೆ ಎನಿಸಿದರೆ ಅವನ್ನು ಬದಲಾಯಿಸುವ ಪ್ರಸ್ತಾಪವನ್ನು ಪ್ರತ್ಯೇಕ ಕಮಿಟ್ ಆಗಿಯೇ ಕಳುಹಿಸಿ: ದೋಷ ತಿದ್ದುವ ಬದಲಾವಣೆಯೊಳಗೆ ನೂರಾರು ಮರುನಾಮಕರಣಗಳನ್ನು ಬೆರೆಸಿದರೆ, ಪರಿಶೀಲಿಸುವವರಿಗೆ ನಿಜವಾಗಿ ಬದಲಾದ ಎರಡು ಸಾಲುಗಳನ್ನು ಹುಡುಕಿ ತೆಗೆಯುವುದೇ ಕಷ್ಟವಾಗುತ್ತದೆ.